ಬಾಯಾರ ಐದು ಮನೆಯ ಜೋಳಿಗೆ

ಪಾಲು ಎನ್ನುವ ಶಬ್ದವನ್ನು ನಮ್ಮ ಬಾಯಾರು ತಮ್ಮ ಬದುಕಿನಲ್ಲಿ ಒಂದೇ ಒಂದು ಸಲ ಸರಿಯಾಗಿ ಅಂದರು. ಉಳಿದಂತೆ ಅವರು ಅದನ್ನು ಅಂದದ್ದು ಹಾಲು ಎಂದೇ. ತಪ್ಪು ಅವರದಲ್ಲ, ಅವರಿಗೆ ಕನ್ನಡ ಕಲಿಸಿದ ಪಂಡಿತರದು. ಸಮುದ್ರ ದಾಟಿ ಮಂಗಳೂರಿಗೆ ಬಂದಿಳಿದ ಹೊಸದರಲ್ಲಿ ಆ ಪಂಡಿತರು ಒಂದು ಸೂತ್ರ ಹೇಳಿಕೊಟ್ಟಿದ್ದರು: ಹಳಗನ್ನಡದ ಪಕಾರ ಈಗ ಹಕಾರವಾಗಿದೆ. ಪುಲಿ ಹುಲಿಯಾಯಿತು, ಪಲ್ಲು ಹಲ್ಲಾಯಿತು, ಪಾಲು ಹಾಲಾಯಿತು. ಬಾಯಾರು ಒಮ್ಮೆ ಕಲಿತದ್ದನ್ನು ಜಪ್ಪಯ್ಯ ಅಂದರೂ ಬಿಡುವವರಲ್ಲ. ನಮ್ಮ ಸೀಮೆಯ ಯಾರಾದರೂ ಪಾಲು ಎಂದರೆ ಸಾಕು, ಈ ಜನ ಇನ್ನೂ ಹಳಗನ್ನಡದಲ್ಲೇ ಮಾತಾಡುತ್ತಿದ್ದಾರೆ ಎಂದು ಅವರಿಗೆ ಹಿಗ್ಗು. ಈ ಹಿಗ್ಗಿನಿಂದ ಏನೇನಾಯಿತು ಎನ್ನುವುದನ್ನು ಹೇಳುತ್ತೇನೆ.

ಬಾಯಾರು ಎಂದರೆ ನಮ್ಮ ಕಡೆ ಶಾಲೆಯಲ್ಲಿ ಕಲಿಸುವ, ದವಾಖಾನೆಯಲ್ಲಿ ದುಡಿಯುವ ಹೆಂಗಸರನ್ನು ಗೌರವದಿಂದ ಕರೆಯುವ ರೀತಿ. ಇವರು ಸ್ವಿಟ್ಜರ್ಲೆಂಡಿನವರು. ಬೆಟಗೇರಿಯ ಒಂದು ದವಾಖಾನೆಯಲ್ಲಿ ನರ್ಸ್ ಆಗಿ ಇಡೀ ಹರೆಯ ಕಳೆದವರು. ನಮ್ಮ ಓಣಿಯ ಅರ್ಧ ಜನ ಅವರ ಕೈಯಲ್ಲೇ ಹುಟ್ಟಿದ್ದು, ನಾನೂ ಸೇರಿ. ನಾನು ಮದುವೆಯಾಗಿ ಹೋಗಿ, ಎರಡು ವರ್ಷಕ್ಕೆ ಗಂಡನನ್ನು ವಿಷಮಜ್ವರಕ್ಕೆ ಕಳಕೊಂಡು ತವರಿಗೆ ತಿರುಗಿ ಬಂದಾಗ, "ಅಳುವುದನ್ನು ಮುಗಿಸಿ ನಾಳೆಯಿಂದ ಓದಲು ತೊಡಗು" ಎಂದು ಬಾಗಿಲಲ್ಲಿ ನಿಂತು ಅಪ್ಪಣೆ ಕೊಟ್ಟವರು ಅವರೇ. ಅವರ ಕನ್ನಡ ಹೀಗೆ ಪುಸ್ತಕದಿಂದ ಎದ್ದು ಬಂದದ್ದು. ಅವರ ಹಟಕ್ಕೆ ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರಾದೆ. ನನಗೂ ಹಟ ಕಡಿಮೆ ಇರಲಿಲ್ಲ, ಜೊತೆಗೆ ಮೂಗಿನ ತುದಿಯಲ್ಲಿ ಸಿಟ್ಟು ಬೇರೆ.

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷದ ಆರಂಭದಲ್ಲೇ ಬಾಯಾರಿಗೆ ಕೆಲಸದಿಂದ ಬಿಡುಗಡೆಯಾಯಿತು. ಅವರನ್ನು ಕಳಿಸಿದ್ದ ಸಂಸ್ಥೆಯವರು ಊರಿಗೆ ಮರಳಲು ಹಡಗಿನ ಖರ್ಚು ಕೊಡುತ್ತೇವೆ ಎಂದರು. ಇಲ್ಲೇ ಇರುವುದಾದರೆ ಇರಿ, ಆದರೆ ಅದು ನಿಮ್ಮ ಜವಾಬ್ದಾರಿ, ಮುಂದೆ ನಮ್ಮ ಕಡೆ ನೋಡುವ ಹಾಗಿಲ್ಲ ಎಂದೂ ಹೇಳಿದರು. ಇತ್ತ ಪರದೇಶದವರು ಇಲ್ಲಿ ಉಳಿಯಬೇಕೆಂದರೆ ಸರಕಾರದ ಪರವಾನಿಗಿ ಬೇಕು. ಯಾರಿಗೂ ಹೊರೆಯಾಗದೆ ಬದುಕುತ್ತೇನೆ ಎಂದು ತೋರಿಸಬೇಕು. ಬಾಯಾರು ತಮ್ಮ ಟ್ರಂಕು ಎತ್ತಿಸಿಕೊಂಡು ಬಂದು ನಮ್ಮ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ನಿಂತರು.

"ಅಲ್ರೀ ಬಾಯಾರ, ನಿಮ್ಮ ಊರಾಗ ನಿಮ್ಮವರು ಅಂತ ಯಾರೂ ಇಲ್ಲೇನ್ರಿ?" ಎಂದು ನಮ್ಮವ್ವ ಕೇಳಿದಳು.

"ತಮ್ಮನ ಮಗ ಇದ್ದಾನೆ. ಅವನು ನನ್ನನ್ನು ನೋಡಿಲ್ಲ, ನಾನು ಅವನನ್ನು ನೋಡಿಲ್ಲ. ನನ್ನ ಹಲ್ಲುಗಳು ಬೆಟಗೇರಿಯಲ್ಲಿ ಬಿದ್ದಿವೆ. ಉಳಿದವೂ ಇಲ್ಲಿಯೇ ಬೀಳಲಿ."

ಅವ್ವ ನಕ್ಕಳು. ನನಗೆ ನಗು ಬರಲಿಲ್ಲ. ಅವರು ಹೋಗಿಬಿಟ್ಟರೆ ನನ್ನ ಗತಿ ಏನು ಎಂದು ಅಷ್ಟು ದಿನ ಹೆದರಿದ್ದೆ. ಎದ್ದು ಹೋಗಿ ಅವರ ಕೋಣೆಯ ನೆಲ ಸಾರಿಸಿದೆ.

ಬಾಯಾರ ಹತ್ತಿರ ಇಷ್ಟು ವರ್ಷ ಉಳಿಸಿದ್ದ ಒಂದು ಗಂಟಿತ್ತು, ದೊಡ್ಡದೇನಲ್ಲ. ಅದನ್ನು ಕೂತು ತಿಂದರೆ ಕರಗುತ್ತದೆ, ದುಡಿಸಬೇಕು. ಆದರೆ ದಿನಾ ಎದ್ದು ಅದರ ಹಿಂದೆ ಓಡಾಡಲು ಅವರ ಮೊಣಕಾಲು ಕೇಳುತ್ತಿರಲಿಲ್ಲ. ಈ ಸುದ್ದಿ ಹೇಗೋ ಗದಗಿನ ಒಬ್ಬ ಹತ್ತಿ ಸಾವ್ಕಾರರ ಕಿವಿಗೆ ಬಿತ್ತು. ಅವರ ಮೊಮ್ಮಕ್ಕಳೆಲ್ಲ ಬಾಯಾರ ಕೈಯಲ್ಲಿ ಹುಟ್ಟಿದವರು, ಹಾಗಾಗಿ ಸಲಿಗೆ. ಹತ್ತಿಯಿಂದ ಬೀಜ ಬಿಡಿಸುವ ಸ್ವಂತ ಜಿನ್ನು ಇತ್ತು. ಒಂದು ಸಂಜೆ ಬಂದು ನಮ್ಮ ಕಟ್ಟೆಯ ಮೇಲೆ ಕೂತರು.

"ಬಾಯಾರ, ತಲಿ ಯಾಕ ಕೆಡಿಸ್ಕೋತೀರಿ? ಎಲ್ಲಾ ತಂದು ನನ್ನ ಜಿನ್ನಿನಾಗ ಇಡ್ರಿ. ಬಡ್ಡಿ ತಿಂಗಳಾ ತಿಂಗಳಾ ಮನಿಗೆ ಬರತೈತಿ. ನೀವು ಆರಾಮ ಖುರ್ಚಿ ಮ್ಯಾಲ ಕುಂಡ್ರಿ."

"ಹತ್ತಿಗೆ ಒಂದು ವರ್ಷ ಕೆಟ್ಟದಾದರೆ, ಸಾವ್ಕಾರರೇ?"

"ಗದಗಿನ್ಯಾಗ ಹತ್ತಿಗೆ ಕೆಟ್ಟದ್ದು ಆಗೂದಂದ್ರ ಏನ್ರಿ! ನಮ್ಮ ಮುತ್ಯಾನ ಕಾಲದಿಂದ ನೋಡೀವಿ."

ಆಗ ಬಾಯಾರು ತಮ್ಮ ಅಪ್ಪನ ಕಥೆ ಹೇಳಿದರು. ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಜೀವಮಾನದ ಗಳಿಕೆಯನ್ನೆಲ್ಲ ಗಡಿಯಾಚೆಗಿನ ದೊಡ್ಡ ದೇಶದ ಸರಕಾರಿ ಕಾಗದಗಳಲ್ಲಿ ಇಟ್ಟರು. ಇಷ್ಟು ದೊಡ್ಡ ಸರಕಾರ ಎಲ್ಲಿ ಹೋದೀತು ಎಂದು ನಂಬಿದ್ದರು. ಮೊದಲ ಮಹಾಯುದ್ಧ ಮುಗಿದ ಮೇಲೆ ಆ ಕಾಗದಕ್ಕೆ ಒಂದು ರೊಟ್ಟಿಯೂ ಸಿಗಲಿಲ್ಲ. ಅಮ್ಮ ಅವನ್ನು ಕಪಾಟಿನ ಹಲಗೆಯ ಮೇಲೆ ಹಾಸಿ, ಮೇಲೆ ಜಾಮಿನ ಬಾಟಲಿ ಇಟ್ಟಳಂತೆ. "ನನ್ನ ಅಪ್ಪ ಮೂರ್ಖನಲ್ಲ. ಅವನು ಒಂದೇ ಕಡೆ ನಂಬಿದ, ಅಷ್ಟೇ. ನಾನು ಐದು ಕಡೆ ಇಡುತ್ತೇನೆ. ಒಂದು ಮಲಗಿದರೆ ನಾಲ್ಕು ಎದ್ದಿರುತ್ತವೆ" ಎಂದರು.

ಸಾವ್ಕಾರರು ಹೊಟ್ಟೆ ಹಿಡಿದು ನಕ್ಕರು. "ಇದೇನ್ರಿ ಇದು, ಐದು ಮನಿ ಜೋಳಗಿ ಹಾಕ್ಕೊಂಡಂಗಾತು!"

ಅವರು ಹೋದ ಮೇಲೆ ಬಾಯಾರು ಜೋಳಿಗೆ ಎಂದರೇನು ಎಂದು ನನ್ನನ್ನು ಕೇಳಿದರು. ಜಂಗಮರು ಹೆಗಲಿಗೆ ಜೋಳಿಗೆ ಹಾಕಿಕೊಂಡು ಐದು ಮನೆಗೆ ಹೋಗುತ್ತಾರೆ, ಒಂದೊಂದು ಮನೆಯಿಂದ ಒಂದೊಂದು ಹಿಡಿ ಬೀಳುತ್ತದೆ, ಯಾವ ಮನೆಗೂ ಭಾರವಾಗುವುದಿಲ್ಲ, ಒಂದು ಮನೆ ಬಾಗಿಲು ಹಾಕಿದ್ದರೂ ಆ ದಿನ ಉಪವಾಸವಿಲ್ಲ ಎಂದೆ. ಸಾವ್ಕಾರರು ಚೇಷ್ಟೆಗೆ ಅಂದದ್ದು ಬಾಯಾರಿಗೆ ವೇದವಾಕ್ಯವಾಯಿತು. ಅಂದಿನಿಂದ ಅವರು ತಮ್ಮ ಆಸ್ತಿಯನ್ನು ಜೋಳಿಗೆ ಎಂದೇ ಕರೆದರು. ಪುಣ್ಯಕ್ಕೆ ಆ ಶಬ್ದದಲ್ಲಿ ಪಕಾರವಿರಲಿಲ್ಲ.

ಐದು ಮನೆ ಹುಡುಕಲು ನಮಗೆ ಬೇಸಿಗೆ ರಜೆ ಪೂರ್ತಿ ಹಿಡಿಯಿತು. ಒಂದು ಭಾಗ ಗದಗಿನ ಪೋಸ್ಟಿನ ಉಳಿತಾಯದ ಸರ್ಟಿಫಿಕೇಟಿಗೆ ಹೋಯಿತು. ಇನ್ನೊಂದಕ್ಕೆ ಬೆಟಗೇರಿಯಲ್ಲೇ ಎರಡು ಕೈಮಗ್ಗ. ಮಗ್ಗ ಬಾಯಾರದು, ನೇಯುವುದು ನಮ್ಮ ಹಿಂದಿನ ಓಣಿಯ ನೇಕಾರರದು. ಸೀರೆ ಇಳಿದ ಹಾಗೆ ಮಗ್ಗದ ಬಾಡಿಗೆ ಬರಬೇಕು. ಮೂರನೆಯದು ಮುಂಡರಗಿಯ ಒಂದು ಎಣ್ಣೆ ಗಾಣದಲ್ಲಿ ಅರ್ಧ. ಲಕ್ಷ್ಮೇಶ್ವರದಲ್ಲಿ ಹಳೆಯ ಹುಣಸೆಗಿಡಗಳ ಒಂದು ಸಾಲು ಮಾರಾಟಕ್ಕಿತ್ತು. ಅದನ್ನು ಕಂಡ ಬಾಯಾರು, "ಇದು ನನಗೆ ಸರಿಯಾದದ್ದು. ಇದಕ್ಕೆ ನಾನೂ ಏನೂ ಮಾಡಬೇಕಾಗಿಲ್ಲ, ಅದೂ ನನ್ನನ್ನು ಏನೂ ಕೇಳುವುದಿಲ್ಲ" ಎಂದು ಬೊಡ್ಡೆ ತಟ್ಟಿದರು. ಐದನೆಯದು ಶಿರಹಟ್ಟಿ ಆಚೆಯ ಬೆಳ್ಳಟ್ಟಿಯಲ್ಲಿ ಒಂದು ಎಮ್ಮೆ.

ಇದರಲ್ಲಿ ಬಾಯಾರ ಇನ್ನೊಂದು ಲೆಕ್ಕಾಚಾರವಿತ್ತು. ಆಗ ನಮ್ಮ ಸೀಮೆ ಒಂದೇ ಸರಕಾರದ್ದಾಗಿರಲಿಲ್ಲ. ಗದಗ, ಬೆಟಗೇರಿ, ಮುಂಡರಗಿ ಮುಂಬಯಿ ಸರಕಾರಕ್ಕೆ, ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ. ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವಾಗ ಗಡಿಯ ನಾಕಾದಲ್ಲಿ ಬಸ್ಸು ನಿಲ್ಲುತ್ತಿತ್ತು, ಸುಂಕ ಎತ್ತುವ ಜಕಾತಿಯವರು ಗಂಟು ಬಿಚ್ಚಿ ನೋಡುತ್ತಿದ್ದರು. ಉಳಿದವರೆಲ್ಲ ಈ ಕಾಟಕ್ಕೆ ಹಿಡಿಶಾಪ ಹಾಕಿದರೆ ಬಾಯಾರು ಮಾತ್ರ ಖುಷಿಯಿಂದ ಚೀಲ ಬಿಚ್ಚಿ ತೋರಿಸುತ್ತಿದ್ದರು. "ಮೂರು ಸರಕಾರಗಳು! ಮೂರೂ ಒಮ್ಮೆಲೇ ಬೀಳಲಾರವು" ಎಂದು ನನ್ನ ಕಿವಿಯಲ್ಲಿ ಹೇಳಿದರು. ಇದ್ದಿಲಿನ ಹೊಗೆಯಲ್ಲಿ ಓಡುವ ಆ ಬಸ್ಸಿನಲ್ಲಿ ಕೂತು ನನ್ನ ಮುಖ ಕಪ್ಪಾಗಿತ್ತು, ತಲೆ ಸಿಡಿಯುತ್ತಿತ್ತು. ನನಗೆ ಒಂದು ಸರಕಾರವೇ ಸಾಕಾಗಿತ್ತು.

ಬೆಳ್ಳಟ್ಟಿಯಲ್ಲಿ ಎಮ್ಮೆ ಕಟ್ಟಲಿದ್ದ ಮನೆಯ ಯಜಮಾಂತಿ ನನಗಿಂತ ಒಂದಿಷ್ಟು ದೊಡ್ಡವಳು. ಅವಳ ನಡುವಿನ ಮಗ ಸತ್ತು ಬದುಕಿ ಬಾಯಾರ ವಾರ್ಡಿನಲ್ಲಿ ತಿಂಗಳುಗಟ್ಟಲೆ ಇದ್ದವನು. ಆ ಋಣಕ್ಕೇ ಬಾಯಾರು ಆ ಮನೆ ಆರಿಸಿದ್ದು. ಎಮ್ಮೆ ಗಟ್ಟಿಮುಟ್ಟಾಗಿತ್ತು. ನಾನು ಅದರ ಹಲ್ಲು ನೋಡಿ ವಯಸ್ಸಿನ ಬಗ್ಗೆ ಮಾರುವವನ ಸಂಗಡ ಜಗಳ ತೆಗೆದಿದ್ದೆ. ಆ ಗದ್ದಲದ ನಡುವೆ ಯಜಮಾಂತಿ ಬಾಯಾರ ಮುಂದೆ ಬಂದು ಸೆರಗು ಹೊದ್ದು ನಿಂತಳು.

"ಬಾಯಾರ, ಎಮ್ಮಿ ನಮಗ ಪಾಲಿಗೆ ಕೊಡ್ರಿ."

ನಮ್ಮ ಕಡೆ ಪಾಲಿಗೆ ಕೊಡುವುದೆಂದರೆ ಎಲ್ಲರಿಗೂ ಗೊತ್ತಿರುವ ಪದ್ಧತಿ. ದನ ಒಬ್ಬರದು, ಸಾಕುವುದು ಇನ್ನೊಬ್ಬರದು, ಅದರಿಂದ ಬಂದ ಹೈನು, ಹುಟ್ಟಿದ ಕರು ಎಲ್ಲದರಲ್ಲಿ ಅರ್ಧ ಅರ್ಧ. ಬಾಯಾರ ಕಿವಿಗೆ ಬಿದ್ದದ್ದು ಮಾತ್ರ ಹಳಗನ್ನಡ. ಮಕ್ಕಳಿಗೆ ಹಾಲು ಬೇಕಂತೆ ಪಾಪ, ಅದನ್ನು ಎಷ್ಟು ಚೆಂದವಾಗಿ ಕೇಳುತ್ತಿದ್ದಾಳೆ ಎಂದುಕೊಂಡರು. "ಹಾಲಿಗೇ ಕೊಟ್ಟಿದ್ದೇನೆ. ಹಾಲೆಲ್ಲ ನಿಮ್ಮದು" ಎಂದು ಅವಳ ಕೈ ಹಿಡಿದು ಹೇಳಿದರು. ಯಜಮಾಂತಿ ಅವರ ಮುಖ ನೋಡಿದಳು, ನನ್ನ ಕಡೆ ನೋಡಿದಳು. ನಾನು ಎಮ್ಮೆಯ ಬಾಯಿಯಲ್ಲಿದ್ದೆ. ಪರದೇಶದವರು ದೊಡ್ಡ ಮನಸ್ಸಿನಿಂದ ಹೈನೆಲ್ಲ ಬಿಟ್ಟುಕೊಟ್ಟರು, ಕರುವಿನಲ್ಲಂತೂ ಪಾಲು ಇದ್ದೇ ಇದೆ ಎಂದು ಅವಳು ತಿಳಿದಳು.

ಬಾಯಾರ ಜೋಳಿಗೆಗೆ ಒಂದೇ ಕಟ್ಟುನಿಟ್ಟು. ಒಮ್ಮೆ ಇಟ್ಟ ಮೇಲೆ ವರ್ಷ ತುಂಬುವವರೆಗೆ ಅದನ್ನು ಮುಟ್ಟಬಾರದು, ಇಣುಕಬಾರದು, ಯಾರು ಏನೇ ಖಬರ ತಂದರೂ ಕದಲಬಾರದು. ವರ್ಷಕ್ಕೊಮ್ಮೆ, ದಸರೆಯ ಬನ್ನಿ ಹಬ್ಬದ ಮರುದಿನದಿಂದ, ಐದು ಮನೆಗೂ ಹೋಗಿ ಬನ್ನಿ ಕೊಟ್ಟು, ಬಂದದ್ದನ್ನು ತಗೊಂಡು, ಯಾವುದು ಕೊಬ್ಬಿದೆಯೋ ಅದರಿಂದ ಸ್ವಲ್ಪ ತೆಗೆದು ಯಾವುದು ಸೊರಗಿದೆಯೋ ಅದಕ್ಕೆ ಹಚ್ಚಿ ಬರುವುದು. ನಮ್ಮವರು ಬನ್ನಿ ಎಲೆ ಕೈಗಿಟ್ಟು ಬಂಗಾರದಂಗ ಇರೂಣು ಅನ್ನುತ್ತಾರಲ್ಲ, ಬಾಯಾರು ಅದನ್ನು ಅಕ್ಷರಶಃ ನಂಬಿದ್ದರು. "ನಿಮ್ಮಲ್ಲಿ ಎಷ್ಟು ಜಾಣತನದ ಹಬ್ಬವಿದೆ! ವರ್ಷಕ್ಕೊಂದು ಸಲ ಎಲ್ಲರೂ ತಮ್ಮ ಬಂಗಾರವನ್ನು ಹಂಚಿ ಸರಿದೂಗಿಸುತ್ತಾರೆ" ಎನ್ನುತ್ತಿದ್ದರು. ನಮ್ಮ ಹಬ್ಬಕ್ಕೆ ಅಂಥ ಉದ್ದೇಶವಿತ್ತೆಂದು ನನಗೆ ಅದಕ್ಕೆ ಮೊದಲು ತಿಳಿದಿರಲಿಲ್ಲ.

ವರ್ಷ ತುಂಬಿದ ಮೇಲೆ ಮೊದಲ ಬನ್ನಿಗೆ ಬೆಳ್ಳಟ್ಟಿಗೆ ಹೋದಾಗ ಎಮ್ಮೆಯ ಪಕ್ಕದಲ್ಲಿ ಒಂದು ಹೆಣ್ಣು ಕರು ನಿಂತಿತ್ತು. ಯಜಮಾಂತಿ ಹಿಗ್ಗಿನಿಂದ, "ನೋಡ್ರಿ ಬಾಯಾರ, ನಮ್ಮಿಬ್ಬರ ಕರಾ" ಎಂದಳು.

"ಇಬ್ಬರದು ಹೇಗೆ? ಹಾಲು ನಿಮ್ಮದು, ಕರು ನನ್ನದು."

ಅವಳ ಮುಖ ಇಷ್ಟಾಯಿತು. "ಹಂಗ್ಯಾಕ್ರಿ? ಪಾಲಿಗೆ ಕೊಟ್ಟೀರಲ್ಲ?"

"ಹೌದು, ಹಾಲಿಗೇ ಕೊಟ್ಟಿದ್ದೇನೆ!"

"ನಾನೂ ಅದನ್ನ ಹೇಳಾಕತ್ತೀನ್ರಿ, ಪಾಲಿಗೆ!"

"ನಾನೂ ಅದನ್ನೇ ಹೇಳುತ್ತಿದ್ದೇನೆ, ಹಾಲಿಗೆ!"

ಇಬ್ಬರೂ ದನಿ ಏರಿಸಿದರು. ಅಂಗಳಕ್ಕೆ ಅಕ್ಕಪಕ್ಕದ ಮನೆಯವರೆಲ್ಲ ಬಂದು ಕೂಡಿದರು. ಮೇವು ಹಾಕಿ, ಸೆಗಣಿ ಬಾಚಿ, ಸೂಲಗಿತ್ತಿಯ ಹಾಗೆ ಕರು ಎಳೆದವಳು ನಾನು ಎಂದು ಯಜಮಾಂತಿ ಕಣ್ಣಲ್ಲಿ ನೀರು ತಂದುಕೊಂಡಳು. ಬಾಯಾರು ಕೆಂಪಗಾಗಿ ನಿಂತಿದ್ದರು. ಅವರು ಮಾತಿಗೆ ತಪ್ಪಿದ್ದಾರೆಂದು ಜನ ಗುಸುಗುಸು ಮಾತಾಡಿದ್ದು ಕೇಳಿ ನನ್ನ ತಲೆ ಕೆಟ್ಟಿತು. "ಸುಮ್ಮನಿರ್ರಿ ಇಬ್ಬರೂ!" ಎಂದು ಶಾಲೆಯಲ್ಲಿ ಒದರುವ ಹಾಗೆ ಒದರಿದೆ. ಬಾಯಾರನ್ನು ಪಕ್ಕಕ್ಕೆ ಕರೆದು ಪಾಲು ಎಂದರೆ ಏನು ತಿಳಿದಿದ್ದೀರಿ ಎಂದು ಕೇಳಿದೆ. ಅವರು ಪಂಡಿತರ ಸೂತ್ರವನ್ನು ಪುಲಿಯಿಂದ ಶುರು ಮಾಡಿ ಹೇಳಿದರು. ಅದು ಹಾಲಲ್ಲ, ಹಿಸೆ ಎಂದೆ.

ಆಮೇಲೆ ಜಗಳ ತಿರುಗಿ ನಿಂತಿತು. ಬಾಯಾರು ಯಜಮಾಂತಿಯ ಮುಂದೆ ಹೋಗಿ, ತಪ್ಪು ನನ್ನದು, ಪದ್ಧತಿ ಪ್ರಕಾರ ಕರುವಿನಲ್ಲಿ ಅರ್ಧ ನಿನ್ನದೇ ಎಂದರು. ವಿಷಯ ತಿಳಿದ ಯಜಮಾಂತಿ ಈಗ ಒಪ್ಪಲು ತಯಾರಿಲ್ಲ.

"ಇಲ್ರಿ. ಮಾತು ಹಾಲಿಂದ ಆಗಿತ್ತು ಅಂದ್ರ ಹಾಲಿಂದ. ವರ್ಷಪೂರ್ತಿ ಮಕ್ಕಳು ಮರಿ ಹಾಲು ಕುಡದೀವಿ. ಕರಾ ಹೊಡಕೊಂಡು ಹೋಗ್ರಿ."

"ಹೊಡೆದುಕೊಂಡು ಹೋಗುವುದಿಲ್ಲ."

"ಹೋಗಬೇಕ."

"ಇಲ್ಲ."

ಈ ಇಬ್ಬರು ಹಟಮಾರಿಗಳ ನಡುವೆ ನಾನೇ ಪಂಚಳಾದೆ. ಹಾಲೆಲ್ಲ ಬೆಳ್ಳಟ್ಟಿಯದು, ಹುಟ್ಟುವ ಕರುಗಳಲ್ಲಿ ಸರದಿಯಂತೆ ಒಂದು ಇವರದು ಒಂದು ಅವರದು, ಬಾಯಾರ ಕರುವೂ ಅಲ್ಲೇ ಬೆಳೆಯಲಿ ಎಂದು ತೀರ್ಮಾನ ಕೊಟ್ಟೆ. ಇಬ್ಬರೂ ನನ್ನ ಮೇಲೆ ಮುಖ ಊದಿಸಿಕೊಂಡೇ ಒಪ್ಪಿದರು. ವಾಪಸು ಬರುವಾಗ ಚಕ್ಕಡಿಯಲ್ಲಿ ಬಾಯಾರು, "ತಂಗಿ, ನನಗೆ ಇಷ್ಟು ವರ್ಷ ಯಾರೂ ಏಕೆ ಹೇಳಲಿಲ್ಲ?" ಎಂದು ಕೇಳಿದರು. ಹೇಳಿದರೂ ಬಾಯಿಗೆ ಅಂಟಿದ್ದು ಹೋಗಲಿಲ್ಲ. ಮುಂದೆಯೂ ಅವರಿಗೆ ಪಾಲು ಹಾಲೇ ಆಗಿ ಬರುತ್ತಿತ್ತು, ನಾಲಿಗೆ ಕಚ್ಚಿಕೊಳ್ಳುತ್ತಿದ್ದರು.

ಅಷ್ಟರಲ್ಲಿ ಸಂಸ್ಥಾನಗಳೆಲ್ಲ ವಿಲೀನವಾಗಿದ್ದವು. ಲಕ್ಷ್ಮೇಶ್ವರ, ಶಿರಹಟ್ಟಿಗಳು ಮುಂಬಯಿ ಸರಕಾರಕ್ಕೆ ಸೇರಿದ ಸುದ್ದಿ ಬಂದ ದಿನ ಊರಲ್ಲಿ ಪೇಢೆ ಹಂಚಿದರು, ಶಾಲೆಯಲ್ಲಿ ಹುಡುಗಿಯರು ಕುಣಿದರು, ನಾನೂ ಕುಣಿದೆ. ಮನೆಗೆ ಬಂದು ನೋಡಿದರೆ ಬಾಯಾರು ಸಪ್ಪಗೆ ಕೂತಿದ್ದರು.

"ನನ್ನ ಮೂರು ಸರಕಾರಗಳು ಒಂದಾಗಿಬಿಟ್ಟವು."

ನನಗೆ ನಗು ತಡೆಯಲಿಲ್ಲ. ದೇಶಕ್ಕೆ ದೇಶವೇ ಒಂದಾಗುವ ಸಂಭ್ರಮದಲ್ಲಿ ಹೀಗೆ ಮುಖ ಸಣ್ಣ ಮಾಡಿದ್ದು ಇವರೊಬ್ಬರೇ ಇರಬೇಕು. ಪೇಢೆ ಬಾಯಿಗಿಟ್ಟೆ. ಅದನ್ನು ಮೆಲ್ಲುತ್ತಾ ಅವರೇ ದಾರಿ ಕಂಡುಕೊಂಡರು. ಸರಕಾರ ಒಂದಾದರೆ ಆಗಲಿ, ಹುಣಸೆಗಿಡ ಮಗ್ಗವಾಗುವುದಿಲ್ಲ, ಎಮ್ಮೆ ಗಾಣವಾಗುವುದಿಲ್ಲ, ಲಕ್ಷ್ಮೇಶ್ವರದ ಮಳೆ ಮುಂಡರಗಿಯಲ್ಲಿ ಬೀಳುವುದಿಲ್ಲ, ಆದ್ದರಿಂದ ಜೋಳಿಗೆ ಇನ್ನೂ ಐದು ಮನೆಯದೇ ಎಂದರು.

ಅದು ಖರೆ ಎಂದು ಬೇಗನೆ ಗೊತ್ತಾಯಿತು. ನೂಲಿನ ಅಭಾವ ಬಂದು ಬೆಟಗೇರಿಯ ಮಗ್ಗಗಳು ಖಾಲಿ ನಿಂತ ದಿನಗಳಲ್ಲಿ ನೇಕಾರರು ಬಂದು ಬಾಡಿಗೆ ಕೊಡಲಾಗುವುದಿಲ್ಲ ಎಂದು ತಲೆ ತಗ್ಗಿಸಿದರು. ಬಾಯಾರು ಬಾಡಿಗೆ ಕೇಳಲಿಲ್ಲ. ಆ ವರ್ಷ ಹುಣಸೆ ಭರ್ತಿ ಬಂದಿತ್ತು, ಬನ್ನಿಗೆ ಅದರಿಂದಲೇ ನೇಕಾರರಿಗೆ ನೂಲು ಕೊಳ್ಳಲು ಕೊಟ್ಟರು. ಮುಂದೆ ಹುಣಸೆಗಿಡ ಹೂವು ಉದುರಿಸಿ ಕೂತಾಗ ಮಗ್ಗದ ಸದ್ದು ಮತ್ತೆ ಕೇಳುತ್ತಿತ್ತು. ಗಾಣದ ಎತ್ತು ಸತ್ತ ವರ್ಷದ ಬನ್ನಿಗೆ ಬೆಳ್ಳಟ್ಟಿಯ ಒಂದು ಎಮ್ಮೆಗರು ಮಾರಿ ಎತ್ತು ತಂದೆವು. ನನಗೆ ಸಿಟ್ಟು ಬರುತ್ತಿದ್ದದ್ದು ಅವರ ಈ ಕೊಬ್ಬಿದ್ದನ್ನು ಕತ್ತರಿಸುವ ಚಾಳಿಗೆ. ಚೆನ್ನಾಗಿ ಓಡುವುದನ್ನು ಇನ್ನಷ್ಟು ಓಡಿಸಬಾರದೇ, ಸೊರಗಿದ್ದನ್ನು ಬಿಟ್ಟುಬಿಡಬಾರದೇ ಎಂದು ವಾದ ಮಾಡುತ್ತಿದ್ದೆ. "ಇಂದು ಓಡುವುದು ನಾಳೆಯೂ ಓಡುವುದೆಂದು ನನ್ನ ಅಪ್ಪನೂ ತಿಳಿದಿದ್ದ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು. ಕಡೆಗೆ ನನ್ನ ಪಗಾರದಲ್ಲಿ ಉಳಿದದ್ದನ್ನೂ ನಾನು ಹಾಗೆಯೇ ಹಂಚಿ ಇಡತೊಡಗಿದೆ. ವಿಧವೆಯಾದ ಮೇಲೆ ಮೊದಲ ಸಲ ನಾಳೆಯ ಹೆದರಿಕೆಯಿಲ್ಲದೆ ಮಲಗಿದ್ದು ಆ ದಿನಗಳಲ್ಲಿ.

ಹತ್ತಿ ಸಾವ್ಕಾರರಿಗೂ ಒಂದು ಕೆಟ್ಟ ಕಾಲ ಬಂತು. ಧಾರಣಿ ಬಿದ್ದು ಜಿನ್ನಿಗೆ ಬೀಗ ಹಾಕಬೇಕಾಯಿತು. ಅವರು ಮತ್ತೆ ನಮ್ಮ ಕಟ್ಟೆಯ ಮೇಲೆ ಬಂದು ಕೂತು ಚಹಾ ಕುಡಿದರು. ಎದ್ದು ಹೋಗುವಾಗ, "ಬಾಯಾರ, ಲಕ್ಷ್ಮೇಶ್ವರದ ಕಡೆ ಇನ್ನೂ ಹುಣಸಿಗಿಡ ಅದಾವೇನ್ರಿ?" ಎಂದು ಕೇಳಿದರು. ಬಾಯಾರು ನಗಲಿಲ್ಲ. ಮುಂದಿನ ವಾರವೇ ಅವರನ್ನು ಕರಕೊಂಡು ಹೋಗಿ ಗಿಡ ತೋರಿಸಿದರು.

ಹೀಗೆ ಸರಿಸುಮಾರು ಒಂಬತ್ತು ವರ್ಷ ಪ್ರತಿ ಬನ್ನಿಗೂ ನಾವು ಐದು ಮನೆ ತಿರುಗಿದೆವು. ಪ್ರತಿ ವರ್ಷವೂ ಪರವಾನಿಗಿ ತಕರಾರಿಲ್ಲದೆ ಮುಂದುವರಿಯಿತು. ಏಕೀಕರಣವಾದ ವರ್ಷ ಬನ್ನಿಗೆ ಸ್ವಲ್ಪ ಮೊದಲು ಬಾಯಾರು ಬಚ್ಚಲಲ್ಲಿ ಜಾರಿ ಬಿದ್ದರು. ತೊಡೆಯ ಎಲುಬು ಮುರಿದಿತ್ತು. ಎದ್ದು ಕೋಲೂರಿ ನಡೆಯುವ ಹೊತ್ತಿಗೆ ನಾವು ಮೈಸೂರು ರಾಜ್ಯದವರಾಗಿದ್ದೆವು. ಇತ್ತ ಅವರ ಸಂಸ್ಥೆಯವರಿಗೆ ಸುದ್ದಿ ಮುಟ್ಟಿ, ಇದೊಂದು ಸಲ ಹಡಗಿನ ಖರ್ಚು ಕೊಡುತ್ತೇವೆ, ತಮ್ಮನ ಮಗ ಇಟ್ಟುಕೊಳ್ಳಲು ಒಪ್ಪಿದ್ದಾನೆ ಎಂದು ಹೇಳಿ ಕಳಿಸಿದರು. ಅವ್ವ ಕೂಡ, "ಹೋಗಲಿ ಬಿಡು, ರಕ್ತಸಂಬಂಧ ಐತಲ್ಲ" ಎಂದಳು. ನಾನು ಅವಳ ಮೇಲೆ ಹರಿಹಾಯ್ದೆ. ಬಾಯಾರು ಹಡಗು ಹತ್ತುವುದಿಲ್ಲ, ನಾನು ಹತ್ತಗೊಡುವುದೂ ಇಲ್ಲ ಎಂದು ಮನಸ್ಸು ಗಟ್ಟಿ ಮಾಡಿದ್ದೆ.

ಪರವಾನಿಗಿಯ ಸಲುವಾಗಿ ಗದಗಿನ ಕಚೇರಿಗೆ ಬರಹೇಳಿದರು. ಎಳ್ಳಮವಾಸ್ಯೆಯ ಹಿಂದುಮುಂದಿನ ದಿನ. ನಾನು ಬೆಳ್ಳಟ್ಟಿಗೆ ಮೊದಲೇ ಹೇಳಿ ಕಳಿಸಿದ್ದೆ. ನಾವು ಟಾಂಗಾ ಇಳಿಯುವಷ್ಟರಲ್ಲಿ ಯಜಮಾಂತಿ ಸಜ್ಜೆ ರೊಟ್ಟಿಯ ಗಂಟು ಬಗಲಲ್ಲಿಟ್ಟು ಕಚೇರಿಯ ಬಾಗಿಲಲ್ಲಿ ಕಾಯುತ್ತಿದ್ದಳು.

ಸಾಹೇಬರು ಹೊಸದಾಗಿ ಮೈಸೂರು ಕಡೆಯಿಂದ ವರ್ಗವಾಗಿ ಬಂದ ಸಣ್ಣ ವಯಸ್ಸಿನವರು, ಸೌಮ್ಯ ಮನುಷ್ಯ. ಬಾಯಾರಿಗೆ ತಾವೇ ಕುರ್ಚಿ ಎಳೆದು ಕೊಟ್ಟರು. ಹೊಟ್ಟೆಪಾಡಿಗೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಬಾಯಾರು ಜೋಳಿಗೆಯನ್ನು ಮನೆಮನೆಯಾಗಿ ಬಿಚ್ಚಿದರು. ಮಗ್ಗ, ಗಾಣ, ಹುಣಸೆಗಿಡ, ಎಮ್ಮೆಗಳು, ಪೋಸ್ಟಿನ ಸರ್ಟಿಫಿಕೇಟು. ಸಾಹೇಬರು ಬೆರಗಾಗಿ, "ನೀವು ನನಗಿಂತ ಚೆನ್ನಾಗಿದ್ದೀರಲ್ಲಮ್ಮ!" ಎಂದು ನಕ್ಕರು. ನನ್ನ ಎದೆ ಹಗುರಾಯಿತು. ಅಷ್ಟರಲ್ಲಿ ಅವರು ಕೋಲಿನ ಕಡೆ ನೋಡಿದರು.

"ಊಟಕ್ಕೇನೂ ತೊಂದ್ರೆ ಇಲ್ಲ, ಒಪ್ಕೋತೀನಿ. ಆದ್ರೆ ಈ ವಯಸ್ಸಲ್ಲಿ ನಾಳೆ ಹಾಸಿಗೆ ಹಿಡಿದ್ರೆ ನೋಡ್ಕೊಳ್ಳೋರು ಯಾರಮ್ಮ? ಇಲ್ಲಿ ನಿಮ್ಮೋರು ಅಂತ ಯಾರಿದಾರೆ?"

ಬಾಯಾರ ಐದು ಮನೆಯ ಜೋಳಿಗೆಯಲ್ಲಿ ಈ ಪ್ರಶ್ನೆಗೆ ಒಂದು ಕಾಳೂ ಇರಲಿಲ್ಲ. ಸ್ವಾತಂತ್ರ್ಯ ಬಂದಾಗ ಅಳುಕದವರು, ಎಲುಬು ಮುರಿದಾಗ ಅಳದವರು, ಆವತ್ತು ಕೋಲಿನ ಹಿಡಿಯನ್ನು ನೋಡುತ್ತಾ ಕೂತುಬಿಟ್ಟರು. ನನಗೆ ಅದನ್ನು ನೋಡಲಾಗಲಿಲ್ಲ.

"ನಾನದೀನ್ರಿ" ಎಂದು ಎದ್ದು ನಿಂತೆ.

"ನೀವು ಅವರಿಗೆ ಏನಾಗ್ಬೇಕು?"

"ಅವರು ನಮ್ಮ ಮನ್ಯಾಗ ಬಾಡಿಗಿಗೆ ಅದಾರ್ರಿ."

ಅಂದ ಮೇಲೆ ಎಂಥ ಮಾತು ಅಂದೆ ಎಂದು ನನಗೇ ನಾಚಿಕೆಯಾಯಿತು. ಅಕ್ಕ ಎನ್ನಲೇ, ತಾಯಿ ಎನ್ನಲೇ, ಸರಕಾರಿ ಕಾಗದ ಯಾವುದನ್ನು ಒಪ್ಪೀತು? ಸಾಹೇಬರು ಪಾಪ ಎನ್ನುವಂತೆ ತಲೆ ಅಲ್ಲಾಡಿಸಿದರು. ಆಗ ಯಜಮಾಂತಿ ರೊಟ್ಟಿಯ ಗಂಟನ್ನು ಸಾಹೇಬರ ಮೇಜಿನ ಮೇಲೇ ಇಟ್ಟು, ಸೆರಗು ಹೊದ್ದು ಮುಂದೆ ಬಂದಳು. ಎಮ್ಮೆ ಕೇಳಿದ ದಿನ ನಿಂತ ಹಾಗೆಯೇ ನಿಂತಳು.

"ಸಾಹೇಬ್ರ, ಅವರು ಏನಾಗಬೇಕು ಅನ್ನೂದೆಲ್ಲ ನನಗ ತಿಳಿಯೂದಿಲ್ರಿ. ನನ್ನ ಮಗಾ ಉಳದಿದ್ದು ಅವರ ಕೈಯಾಗ, ಮನಿ ಮಕ್ಕಳೆಲ್ಲಾ ಬೆಳದಿದ್ದು ಅವರ ಎ‌ಮ್ಮಿ ಹಾಲಾಗ. ಬಾಯಾರ್ನ ನಮ್ಮ ಪಾಲಿಗೆ ಬಿಟ್ಟಬಿಡ್ರಿ. ಮೇವು, ನೀರು, ಹೇಲು, ಉಚ್ಚಿ ಎಲ್ಲಾ ನಾವು ನೋಡತೀವಿ."

ಬಾಯಾರನ್ನೂ ಎಮ್ಮೆಯನ್ನೂ ಒಂದೇ ದಾವಣಿಗೆ ಕಟ್ಟಿದ್ದು ಅವಳ ಗಮನಕ್ಕೆ ಬರಲಿಲ್ಲ. ಸಾಹೇಬರು ಪೆನ್ನು ಕೆಳಗಿಟ್ಟರು. ನಗಬೇಕೋ ಬೇಡವೋ ಎಂದು ಅವರ ಮುಖ ಒದ್ದಾಡಿತು. ಕಡೆಗೆ ಬಾಯಾರ ಕಡೆ ತಿರುಗಿ, "ಏನಮ್ಮ, ಇದು ನಿಮಗೆ ಒಪ್ಪಿಗೆನಾ?" ಎಂದು ಕೇಳಿದರು.

ಬಾಯಾರು ಕೋಲೂರಿ ಎದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಒಂದು ಕೈ ನನ್ನ ಹೆಗಲ ಮೇಲಿಟ್ಟರು, ಇನ್ನೊಂದರಲ್ಲಿ ಕೋಲಿದ್ದದ್ದರಿಂದ ಯಜಮಾಂತಿಯ ಕಡೆ ಗದ್ದ ಚಾಚಿದರು. ನಾಲಿಗೆಯನ್ನು ಹದ ಮಾಡಿಕೊಂಡು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು.

"ಒಪ್ಪಿಗೆ. ಆದರೆ ಪೂರ್ತಿ ಒಂದೇ ಮನೆಗೆ ಕೊಡಲಾರೆ. ಪಾಲಿಗೆ. ಅರ್ಧ ಬೆಳ್ಳಟ್ಟಿಗೆ, ಅರ್ಧ ಈ ತಂಗಿಗೆ."